ಹತ್ತೂ ವಿಕೆಟ್ ನಮ್ಮ ಮೂವರದ್ದು

ಬಂಧುಗಳೇ, ನಮಸ್ಕಾರ.

ಈ ಸಲ ಯುಗಾದಿ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ಭಾರತದ ನೀಲಿ ಜೆರ್ಸಿ ಹಾಕಿಕೊಂಡಿದ್ದ. ಹನ್ನೆರಡು ವರ್ಷ ಇರಬೇಕು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಮ್ಯಾಂಚೆಸ್ಟರ್‌ನಲ್ಲಿ. "ಅಂಕಲ್, ಇಂಡಿಯಾ-ಪಾಕಿಸ್ತಾನ ಒನ್‌ಡೇಗಳಲ್ಲಿ ನಿಮಗೆ ತುಂಬಾ ಇಷ್ಟ ಆಗಿದ್ದು ಯಾವುದು?" ಅಂತ ಕೇಳಿದ. ಅವನಿಗೆ 2019ರದ್ದಂತೆ. ನಮ್ಮ ಓಲ್ಡ್ ಟ್ರಾಫರ್ಡ್‌ನಲ್ಲೇ ನಡೆದದ್ದು, ರೋಹಿತ್ ಶರ್ಮಾ 140 ಹೊಡೆದದ್ದು, ನಮ್ಮ ಕೆ.ಎಲ್. ರಾಹುಲ್ 57 ಮಾಡಿದ್ದು, ಇಬ್ಬರೂ ಸೇರಿ ಮೊದಲ ವಿಕೆಟ್‌ಗೆ 136 ಸೇರಿಸಿದ್ದು. ಅಪ್ಪನ ಜೊತೆ ಹೋಗಿ ನೋಡಿದ್ದನಂತೆ. ನಾನು, "ಅದೇ ಮೈದಾನ ಕಣೋ, ಆದರೆ 1999. ವೆಂಕಟೇಶ್ ಪ್ರಸಾದ್ ಐದು ವಿಕೆಟ್ ತೆಗೆದದ್ದು" ಅಂದೆ.

"ವೆಂಕಟೇಶ್ ಪ್ರಸಾದ್ ಅಂದ್ರೆ ಯಾರು?" ಅಂದ.

ತಪ್ಪು ಅವನದಲ್ಲ. ನಾವು ಹೇಳಿಲ್ಲ, ಅಷ್ಟೇ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇವೆ, ಕೋಲಾಟ ಕಲಿಸುತ್ತೇವೆ. ಆದರೆ ಅವರು ದಿನಾ ಟ್ರ್ಯಾಮ್‌ನಲ್ಲಿ ಹಾದುಹೋಗುವ ಈ ಮೈದಾನದಲ್ಲಿ ನಮ್ಮ ನಾಡಿನ ಮೂವರು ಏನು ಮಾಡಿದರು ಅನ್ನೋದನ್ನು ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ಸಂಚಿಕೆಯ ಈ ಪುಟ ಆ ಹುಡುಗನಿಗಾಗಿ.

1999ರ ಜೂನ್ 8, ಮಂಗಳವಾರ. ವಿಶ್ವಕಪ್‌ನ ಸೂಪರ್ ಸಿಕ್ಸ್ ಹಂತ, ಅಂದರೆ ಗುಂಪಿನ ಪಂದ್ಯಗಳು ಮುಗಿದ ಮೇಲೆ ಉಳಿದ ಆರು ತಂಡಗಳ ಸುತ್ತು. ಅಲ್ಲಿ ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿತ್ತು, ಇಲ್ಲಿ ಎರಡೂ ದೇಶಗಳ ತಂಡಗಳು ಒಂದೇ ಪಿಚ್ ಮೇಲೆ ಇಳಿಯಬೇಕಿತ್ತು. ಆ ದಿನಗಳಲ್ಲಿ ಊರಿಗೆ ಫೋನ್ ಮಾಡಿದರೆ ಅಮ್ಮ ಮೊದಲು ಯುದ್ಧದ ಸುದ್ದಿ ಹೇಳುತ್ತಿದ್ದರು, ಮಳೆ-ಬೆಳೆ ಆಮೇಲೆ. ನಾನು ಈ ದೇಶಕ್ಕೆ ಬಂದು ಆಗ ಎರಡು ವರ್ಷ. ಪಂದ್ಯಕ್ಕೆ ಟಿಕೆಟ್ ಸಿಕ್ಕಿರಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಪಾಕಿಸ್ತಾನದವರು, ಅಲ್ಲಿನ ಕಾಶ್ಮೀರದ ಮೀರ್‌ಪುರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಭಾಯಿ ಅಂತಲೇ ಕರೆಯುತ್ತಿದ್ದೆ. ಅವರಿಗೂ ಟಿಕೆಟ್ ಸಿಕ್ಕಿರಲಿಲ್ಲ. ನಾಲ್ಕು ಗಂಟೆಗೆ ಕೆಲಸ ಮುಗಿಯಿತು, ಮನೆ ತಲುಪುವಷ್ಟು ಹೊತ್ತು ಸ್ಕೋರ್ ಗೊತ್ತಿಲ್ಲದೆ ಇರೋದಕ್ಕೆ ಇಬ್ಬರಿಗೂ ಆಗಲಿಲ್ಲ, ಸರಿ, ಅವರ ಕಾರಿನಲ್ಲೇ ಕೂತು ರೇಡಿಯೊ ಹಾಕಿದೆವು. ಕಾರು ನಿಂತಲ್ಲೇ ನಿಂತಿತ್ತು.

ಭಾರತ ಮೊದಲು ಆಡಿ 6 ವಿಕೆಟ್‌ಗೆ 227 ಮಾಡಿತ್ತು. ಜಾಸ್ತಿ ಏನಲ್ಲ, ಆದರೆ ವಾಸಿಂ ಅಕ್ರಂ, ಶೋಯೆಬ್ ಅಖ್ತರ್, ಸಕ್ಲೇನ್ ಮುಷ್ತಾಕ್ ಇದ್ದ ಬೌಲಿಂಗ್ ಎದುರು ಅದು ಸಣ್ಣ ಮೊತ್ತವೂ ಅಲ್ಲ. ಅದರಲ್ಲಿ ರಾಹುಲ್ ದ್ರಾವಿಡ್ ಅವರದ್ದು 61. ಆ ದಿನದ ಅತಿ ಹೆಚ್ಚು ರನ್ ಅದೇ, ಮತ್ತು ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಮಾಡಿದವರೂ ಅವರೇ, ಒಟ್ಟು 461. ಅಜರುದ್ದೀನ್ 59, ತೆಂಡೂಲ್ಕರ್ 45.

ಆಮೇಲೆ ನಮ್ಮ ಬೌಲಿಂಗ್. ಮೊದಲು ಮೈಸೂರಿನ ಜಾವಗಲ್ ಶ್ರೀನಾಥ್ ವೇಗದಲ್ಲಿ ಅಫ್ರಿದಿಯನ್ನೂ ಇಜಾಜ್ ಅಹ್ಮದ್‌ರನ್ನೂ ಕಳಿಸಿದರು. ಇನ್ನೊಂದು ಕಡೆಯಿಂದ ಪ್ರಸಾದ್. ಪ್ರಸಾದ್ ಅವರ ಬೌಲಿಂಗ್ ಬಗ್ಗೆ ಆ ಹುಡುಗನಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈಗ ಎಲ್ಲರೂ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಮೊದಲು ನೋಡುತ್ತಾರೆ. ಪ್ರಸಾದ್ ಅವರಲ್ಲಿ ಆ ವೇಗ ಇರಲಿಲ್ಲ. ಕೈ ಮಾತ್ರ ಅದೇ ರಭಸದಲ್ಲಿ ಬರುತ್ತಿತ್ತು, ಚೆಂಡು ಒಂದು ಗಳಿಗೆ ತಡವಾಗಿ ಬರುತ್ತಿತ್ತು, ಅಷ್ಟರಲ್ಲಿ ಬ್ಯಾಟು ಹೋಗಿಬಿಟ್ಟಿರುತ್ತಿತ್ತು. ಜೊತೆಗೆ ಲೆಗ್ ಕಟರ್. ಬಿದ್ದ ಮೇಲೆ ಆಚೆ ತಿರುಗುವ ಚೆಂಡು. ಅನ್ವರ್, ಸಲೀಂ ಮಲಿಕ್, ಇಂಜಮಾಮ್, ಮೊಯಿನ್ ಖಾನ್, ಕೊನೆಗೆ ನಾಯಕ ಅಕ್ರಂ, ಐವರೂ ಅವರಿಗೇ ಸಿಕ್ಕರು. 27 ರನ್‌ಗೆ 5 ವಿಕೆಟ್. ಶ್ರೀನಾಥ್‌ಗೆ 3, ಅನಿಲ್ ಕುಂಬ್ಳೆಗೆ 2. ಪಾಕಿಸ್ತಾನ 180ಕ್ಕೆ ಆಲೌಟ್, ನಾವು 47 ರನ್ನಿಂದ ಗೆದ್ದೆವು. ಲೆಕ್ಕ ಹಾಕಿ ನೋಡಿ. ಹತ್ತಕ್ಕೆ ಹತ್ತೂ ಕರ್ನಾಟಕದ ಮೂವರದ್ದು. ಕೊನೆಯ ವಿಕೆಟ್ ಕೂಡ ಪ್ರಸಾದ್ ಬೌಲಿಂಗ್‌ನಲ್ಲಿ ಕುಂಬ್ಳೆ ಹಿಡಿದ ಕ್ಯಾಚ್.

ಕಾರಿನಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಖುಷಿ ತಡೆಯೋಕೆ ಆಗ್ತಿರಲಿಲ್ಲ ನನಗೆ, ಆದರೆ ಪಕ್ಕದಲ್ಲಿ ಕೂತವರ ಮುಖ ನೋಡಿ ಕೂಗೋಕೆ ಮನಸ್ಸೂ ಬರಲಿಲ್ಲ. ಅವರೇ ರೇಡಿಯೊ ಆರಿಸಿ ಕೇಳಿದರು: "ಈ ಮೂವರೂ ಒಂದೇ ಊರಿನವರಾ?"

"ಇಬ್ಬರು ಬೆಂಗಳೂರು, ಒಬ್ಬರು ಮೈಸೂರು" ಅಂದೆ.

"ಹತ್ತಿರಾನಾ?"

"ರೈಲಿನಲ್ಲಿ ಮೂರು ಗಂಟೆ."

ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿ ಹಾಕಿದರು" ಅಂತ ಹೇಳಿ ಕಾರು ಸ್ಟಾರ್ಟ್ ಮಾಡಿದರು. ಯುದ್ಧ ನಡೆಯುತ್ತಿದ್ದ ವಾರದಲ್ಲಿ ಒಬ್ಬರು ಹೇಳಿದ ಮಾತು ಅದು. ಇವತ್ತಿಗೂ ನನಗೆ ಆ ಪಂದ್ಯ ಅಂದರೆ ಸ್ಕೋರಿಗಿಂತ ಮೊದಲು ಆ ಮಾತು ನೆನಪಾಗುತ್ತದೆ.

ಪ್ರಸಾದ್ ಅಂದ ಕೂಡಲೇ ನಮ್ಮಲ್ಲಿ ಹಲವರು 1996ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಬೆಂಗಳೂರಿನಲ್ಲಿ ನಡೆದ ಕ್ವಾರ್ಟರ್ ಫೈನಲ್ ಹೇಳುತ್ತಾರೆ. ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ. 288ರ ಬೆನ್ನತ್ತಿ ಪಾಕಿಸ್ತಾನದ ಆರಂಭಿಕರಾದ ಸಯೀದ್ ಅನ್ವರ್ ಮತ್ತು ಆಮಿರ್ ಸೊಹೈಲ್ ಹತ್ತು ಓವರ್‌ನಲ್ಲೇ 84 ಹೊಡೆದಿದ್ದರು. ಸೊಹೈಲ್ ಬೌಂಡರಿ ಬಾರಿಸಿ, ಚೆಂಡು ಹೋದ ದಿಕ್ಕಿಗೆ ಬ್ಯಾಟು ತೋರಿಸಿದ್ದು, ಮುಂದಿನ ಎಸೆತದಲ್ಲೇ ಅವರ ಆಫ್ ಸ್ಟಂಪ್ ಹಾರಿದ್ದು ಎಲ್ಲರ ಫೋನಿನಲ್ಲೂ ಇದೆ. ಜನ ಹಂಚಿಕೊಳ್ಳೋದು ಆ ಜಗಳವನ್ನು. ನಾನು ಹೇಳೋದು, ಆ ಚೆಂಡನ್ನು ನೋಡಿ. ಎದುರಿನವನು ಕೆಣಕಿದ ಮೇಲೂ ಪ್ರಸಾದ್ ಬೌನ್ಸರ್ ಹಾಕಲು ಹೋಗಲಿಲ್ಲ, ನೇರ ಸ್ಟಂಪ್‌ಗೇ ಹಾಕಿದರು. ತಾಳ್ಮೆ ಕಳೆದುಕೊಂಡದ್ದು ಸೊಹೈಲ್, ವಿಕೆಟ್ ಹೋದದ್ದೂ ಅವರದ್ದೇ. ಅವತ್ತು ಕೂಡ ಪ್ರಸಾದ್‌ಗೆ 3, ಕುಂಬ್ಳೆಗೆ 3.

ಒಂದು ವಿಷಯ ಮಕ್ಕಳಿಗೆ ಹೇಳುವಾಗ ನಾವು ಬಿಟ್ಟುಬಿಡುತ್ತೇವೆ. ಏಕದಿನ ವಿಶ್ವಕಪ್‌ನಲ್ಲಿ 1992ರಿಂದ 2023ರವರೆಗೆ ಎಂಟು ಸಲ ಎದುರಾಗಿ ಎಂಟೂ ನಾವೇ ಗೆದ್ದಿದ್ದೇವೆ, ನಿಜ. ಆದರೆ ಎಲ್ಲ ಏಕದಿನ ಪಂದ್ಯಗಳನ್ನು ಸೇರಿಸಿದರೆ ಪಾಕಿಸ್ತಾನ ಗೆದ್ದದ್ದೇ ಜಾಸ್ತಿ. ನಮ್ಮ ವಯಸ್ಸಿನವರಿಗೆ 1986ರ ಶಾರ್ಜಾ ಮರೆಯೋಕಾಗುತ್ತಾ? ಕೊನೆಯ ಎಸೆತಕ್ಕೆ ನಾಲ್ಕು ಬೇಕಿದ್ದಾಗ ಮಿಯಾಂದಾದ್ ಸಿಕ್ಸ್ ಹೊಡೆದರು. ನಮ್ಮ ಬೀದಿಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. 2017ರಲ್ಲಿ ಓವಲ್‌ನ ಚಾಂಪಿಯನ್ಸ್ ಟ್ರೋಫಿ ಫೈನಲ್‌ಗೆ ನಮ್ಮ ಸಂಘದಿಂದಲೇ ಒಂದು ಗುಂಪು ಹೋಗಿತ್ತು. ಫಖರ್ ಜಮಾನ್ 114, ವೇಗಿ ಮೊಹಮ್ಮದ್ ಅಮೀರ್ ಅವರ ಆ ಮೊದಲ ಓವರ್‌ಗಳು, 180 ರನ್‌ಗಳ ಸೋಲು. ಅವತ್ತು ಸಂಜೆ ನಾನು ಮೊದಲು ಫೋನ್ ಮಾಡಿದ್ದು ಭಾಯಿಗೆ. "ನಿಮ್ಮವರು ಚೆನ್ನಾಗಿ ಹಾಕಿದರು" ಅಂದೆ. ಅವರು ನಕ್ಕರು. ಹದಿನೆಂಟು ವರ್ಷದ ಹಿಂದಿನ ಮಾತು ಅವರಿಗೂ ನೆನಪಿತ್ತು.

ಈಗ ಎರಡು ದೇಶಗಳ ನಡುವೆ ಸರಣಿ ಅನ್ನೋದೇ ಇಲ್ಲ. 2013ರ ಜನವರಿಯಲ್ಲಿ ಕೊನೆಯದು ಮುಗಿಯಿತು. ಐಸಿಸಿ ಟೂರ್ನಿ ಅಥವಾ ಏಷ್ಯಾ ಕಪ್ ಬಂದಾಗ ಮಾತ್ರ ನೋಡೋಕೆ ಸಿಗುತ್ತದೆ. ಹಾಗಾಗಿ ಒಂದೊಂದು ಪಂದ್ಯದ ಮೇಲೂ ಹೊರೆ ಜಾಸ್ತಿ, ಕೂಗು ಜಾಸ್ತಿ. ಅಂಥ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರುವ ಕೆಲವು ಮಾತುಗಳನ್ನು ಓದಿದರೆ ನನಗೆ ಬೇಸರವಾಗುತ್ತದೆ. ನಮ್ಮ ಮಕ್ಕಳ ಶಾಲೆಯಲ್ಲಿ, ನಮ್ಮ ಅಂಗಡಿ-ಆಸ್ಪತ್ರೆಗಳಲ್ಲಿ, ಪಕ್ಕದ ಮನೆಯಲ್ಲಿ ಪಾಕಿಸ್ತಾನದವರೇ ಇದ್ದಾರೆ, ಅವರೂ ಅದೇ ಪಂದ್ಯವನ್ನು ಅಷ್ಟೇ ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ, ಅಲ್ವಾ? ದಯವಿಟ್ಟು ಬರೆಯುವ ಮುಂಚೆ ಅವರ ಮುಖ ನೆನೆಸಿಕೊಳ್ಳಿ.

ಕಾರ್ಯಕಾರಿ ಸಮಿತಿ ಒಪ್ಪಿದೆ, ಮುಂದಿನ ಭಾರತ-ಪಾಕಿಸ್ತಾನ ಏಕದಿನ ಪಂದ್ಯವನ್ನು ನಾವು ಸಭಾಂಗಣದ ದೊಡ್ಡ ಪರದೆಯಲ್ಲಿ ಹಾಕುತ್ತೇವೆ. ಚಿತ್ರಾನ್ನ, ಬೋಂಡಾ ನಮ್ಮದು. ನಿಮ್ಮ ಪಾಕಿಸ್ತಾನಿ ಗೆಳೆಯರನ್ನೂ ಕರೆದುಕೊಂಡು ಬನ್ನಿ. ಮಧ್ಯಂತರದಲ್ಲಿ ಅರ್ಧ ಗಂಟೆ ಮಕ್ಕಳಿಗಾಗಿ ಇಟ್ಟಿದ್ದೇವೆ. 1999ರ ಆ ಮಂಗಳವಾರ ಓಲ್ಡ್ ಟ್ರಾಫರ್ಡ್‌ನಲ್ಲಿ ಇದ್ದವರು ನಮ್ಮಲ್ಲಿ ಯಾರಿದ್ದರೂ ದಯವಿಟ್ಟು ಮುಂದೆ ಬಂದು ಮಾತಾಡಿ. ಹಳೆ ಟಿಕೆಟ್ ಚೂರು, ಫೋಟೊ ಏನಿದ್ದರೂ ತನ್ನಿ. ಭಾಯಿ ಈಗ ನಿವೃತ್ತರು, ಬರುತ್ತೇನೆ ಅಂದಿದ್ದಾರೆ. ಆ ಹುಡುಗನನ್ನು ಅವರ ಪಕ್ಕದಲ್ಲೇ ಕೂರಿಸುತ್ತೇನೆ.