ಚಳಿಗಾಲದ ಮೆಣಸಿನಕಾಯಿಯ ದರ ಮತ್ತು ಖಾರದ ಬಗ್ಗೆ

ಪ್ರಿಯ ಗ್ರಾಹಕರೇ,

ಈ ಸಲದಿಂದ ನಮ್ಮ ಮೆಣಸಿನಕಾಯಿ ಚಳಿ ಬಿದ್ದ ಮೇಲೂ ಕೆಲವು ವಾರ ನಿಮ್ಮ ಬುಟ್ಟಿಗೆ ಬರುತ್ತದೆ. ಆ ವಾರಗಳಲ್ಲಿ ದರ ತುಸು ಹೆಚ್ಚು, ತೂಕ ತುಸು ಕಡಿಮೆ. ಇದನ್ನು ಮುಂಚಿತವಾಗಿ ತಿಳಿಸದೆ ನೇರವಾಗಿ ಬಿಲ್ಲಿಗೆ ಸೇರಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ದರ ಏರಿಸಿದ್ದು ಮಾತ್ರ ತಪ್ಪಲ್ಲ.

ಚಳಿ ಬಂದೊಡನೆ ನಾವು ಯಾಕೆ ಕೈಚೆಲ್ಲುತ್ತಿದ್ದೆವು ಎಂಬುದು ನಿಮಗೆ ಗೊತ್ತೇ ಇದೆ. ರಾತ್ರಿಯ ಉಷ್ಣಾಂಶ 13 ಡಿಗ್ರಿಗಿಂತ ಕೆಳಗಿಳಿದರೆ ಮೆಣಸಿನ ಗಿಡ ಹೂ ಉದುರಿಸುತ್ತದೆ, ಕಾಯಿ ಕಚ್ಚುವುದಿಲ್ಲ. ಅದಕ್ಕೆಂದೇ ಪೈಪುಗಳನ್ನು ಕಮಾನಿನಂತೆ ಬಗ್ಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾವೇ ಒಂದು ಹಸಿರುಮನೆ ಕಟ್ಟಿದೆವು. ಒಂದು ಕಮಾನು ವಾಲಿಕೊಂಡಿದೆ, ಬಾಗಿಲು ಯಾವುದೋ ಹಳೆಯ ಕಿಟಕಿಯದು. ಆದರೂ ಇಂಥ ಚಳಿಯಲ್ಲಿ ಅದರೊಳಗೆ ಗಿಡಗಳು ಹೂ ಬಿಟ್ಟಿವೆ.

“ಬಿಸಿಲು ಪುಕ್ಕಟೆ, ಖರ್ಚೆಲ್ಲಿಂದ ಬಂತು?” ಎಂದು ಒಬ್ಬರು ಕೇಳಿದರು. ನಾವೂ ಮೊದಲು ಹಾಗೆಯೇ ಲೆಕ್ಕ ಹಾಕಿ ಮಾಮೂಲಿ ಹಾಳೆ ತಂದಿದ್ದೆವು. ಒಂದೇ ಬೇಸಿಗೆಗೆ ಅದು ತರಗೆಲೆಯಂತೆ ಪುಡಿಯಾಯಿತು. ಈಗ ಹಾಕಿರುವುದು ಬಿಸಿಲಿನ ಅತಿನೇರಳೆ ಕಿರಣ ತಾಳಿಕೊಳ್ಳುವ 200 ಮೈಕ್ರಾನ್ ದಪ್ಪದ ಹಾಳೆ. ಅದನ್ನೂ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು. ಅಷ್ಟಾದರೂ ಬರೀ ಹಾಳೆ ರಾತ್ರಿ ಹೊತ್ತು ಎರಡು ಮೂರು ಡಿಗ್ರಿಯಷ್ಟೇ ಕಾಪಾಡುತ್ತದೆ. ಹಗಲಿನ ಶಾಖ ಹಿಡಿದಿಡಲು ಕಪ್ಪು ಬಳಿದ ನೀರಿನ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದೇವೆ.

ಇನ್ನು ದುಡಿಮೆ. ಬಿಸಿಲೇರಿದರೆ ಒಳಗೆ 40 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ, ಆ ಸೆಕೆಗೂ ಹೂ ಉದುರುತ್ತದೆ. ಹಾಗಾಗಿ ದಿನವೂ ಬೆಳಿಗ್ಗೆ ಪಕ್ಕದ ಹಾಳೆ ಸುತ್ತಿ ಮೇಲೆತ್ತಬೇಕು, ಸಂಜೆ ಇಳಿಸಬೇಕು. ಭಾನುವಾರವೂ ಬಿಡುವಿಲ್ಲ. ಮುಂಜಾನೆ ಹಾಳೆಯ ಒಳಬದಿಯಿಂದ ನೀರಹನಿ ಕತ್ತಿನ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಆ ತೇವ ಎಲೆಯ ಮೇಲೆ ನಿಂತರೆ ಬೂಷ್ಟು. ಗಾಳಿಯಾಡುವುದು ಕಡಿಮೆಯಾದ್ದರಿಂದ ಪರಾಗ ಉದುರಲೆಂದು ಹೂಬಿಟ್ಟ ಗಿಡಗಳನ್ನು ಒಂದೊಂದಾಗಿ ಕೈಯಿಂದ ಅಲುಗಿಸುತ್ತೇವೆ. ಇದನ್ನೆಲ್ಲ ಯಾವ ಬಿಲ್ಲಿನಲ್ಲಿ ಬರೆಯುವುದು?

ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ದೂರು, “ಮೊದಲಿನ ಖಾರ ಇಲ್ಲ” ಎನ್ನುವುದು. ಫೋನಿನಲ್ಲಿ, ಚೀಟಿಯಲ್ಲಿ, ಕೊನೆಗೆ ಅರ್ಧ ಕಚ್ಚಿದ ಕಾಯಿಯನ್ನೇ ತಂದು ತೋರಿಸಿ ಹೇಳಿದವರಿದ್ದಾರೆ. ಬೀಜ ನಾವು ಬದಲಿಸಿಲ್ಲ, ಅದೇ ತಳಿ. ಖಾರ ಹುಟ್ಟುವುದು ಬೀಜದಲ್ಲೂ ಅಲ್ಲ, ತುದಿಯಲ್ಲೂ ಅಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ. ಕಾಯಿ ತಂದವರು ಕಚ್ಚಿದ್ದು ತುದಿಯನ್ನು. ಅವರೆದುರೇ ಅದನ್ನು ಸೀಳಿ, ತೊಟ್ಟಿನ ಬಳಿಯ ಬಿಳಿ ಪೊರೆಯನ್ನು ನಾಲಿಗೆಗೆ ಮುಟ್ಟಿಸಲು ಹೇಳಿದೆವು. ಕಣ್ಣಲ್ಲಿ ನೀರು ಬಂತು, ವಾದ ನಿಂತಿತು. (ಅವರು ಈಗಲೂ ನಮ್ಮ ಗ್ರಾಹಕರೇ.)

ಆದರೆ ಮೊದಲ ಬುಟ್ಟಿಗಳ ಮಟ್ಟಿಗೆ ನಿಮ್ಮ ದೂರು ನಿಜ. ಗಿಡಕ್ಕೆ ಸ್ವಲ್ಪ ಬಾಯಾರಿಕೆಯಾದರೆ ಖಾರ ಏರುತ್ತದೆ. ಒಳಗೆ ಮಣ್ಣು ಬೇಗ ಒಣಗುವುದಿಲ್ಲ ಎಂಬುದನ್ನು ಮರೆತು ನಾವು ಹೊರಗಿನ ಅಭ್ಯಾಸದಲ್ಲೇ ನೀರು ಕೊಟ್ಟೆವು, ಕಾಯಿ ಉಬ್ಬಿತು, ಖಾರ ಸಪ್ಪೆಯಾಯಿತು. ಈಗ ಕಾಯಿ ಬಲಿಯುವ ಹೊತ್ತಿಗೆ, ಬೆರಳಿಟ್ಟು ನೋಡಿ ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಬಿಡುತ್ತೇವೆ. ಆ ಮೊದಲ ಬುಟ್ಟಿಗಳನ್ನು ಪಡೆದವರು ತಿಳಿಸಿದರೆ ಹೆಚ್ಚುವರಿ ದರವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ, ಸಾಬೀತು ಕೇಳುವುದಿಲ್ಲ.

ಚಳಿಯಲ್ಲಿ ಕಾಯಿ ಕೆಂಪಾಗುವುದು ನಿಧಾನ, ಆದ್ದರಿಂದ ಮುಂದಿನ ಬುಟ್ಟಿಗಳಲ್ಲಿ ಹಸಿರೇ ಹೆಚ್ಚು. ಬಣ್ಣ ತಿರುಗಲು ಶುರುವಾದ ಕಾಯಿಗಳನ್ನು ಮನೆಯೊಳಗೆ ಬೆಚ್ಚಗೆ ಇಟ್ಟರೆ ಕೆಲವು ದಿನಗಳಲ್ಲಿ ಕೆಂಪಾಗುತ್ತವೆ. ಪೂರ್ತಿ ಹಸಿರಿದ್ದವನ್ನು ಕಾಯದೆ ಬಳಸಿಬಿಡಿ.

ನಿಮ್ಮ,
ಬೆಳೆಗಾರರ ಸಂಘದ ಪರವಾಗಿ