ಪುಟ್ಟಿಗೆ, ಬದನೆ ಗಿಡ ಬಾಡಿದ್ದರ ಬಗ್ಗೆ

ಸಾಗರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಇಲ್ಲಿಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬರೆದು ಹಾಳೆ ತುಂಬಿಸುವುದಿಲ್ಲ. ಕೊನೆಯಲ್ಲಿ, ಸಹಿ ಹಾಕಿದ ಮೇಲೆ, ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, 18 ಬದನೆ ಗಿಡದಲ್ಲಿ 11 ಹೋದವು, ನನ್ನ ಕೈ ಆಗಿಬರುವುದಿಲ್ಲ ಅಂತ ಕಾಣುತ್ತೆ, ಇನ್ನು ಹಿತ್ತಲಿಗೆ ಇಳಿಯುವುದಿಲ್ಲ ಅಂತ. ಮೂರು ದಿನದಿಂದ ಅದೇ ಸಾಲು ನನ್ನನ್ನು ಕೊರೆಯುತ್ತಿದೆ. ಕೈ ಆಗಿಬರುವುದಿಲ್ಲ ಅನ್ನುವ ಮಾತು ಯಾರಿಗೂ ತಾನಾಗಿ ಹೊಳೆಯುವುದಿಲ್ಲ, ಯಾರೋ ಹೇಳಿರಬೇಕು. ಯಾರು ಅಂತ ಕೇಳುವುದಿಲ್ಲ ಬಿಡು.

ಗಿಡ ಹೇಗೆ ಸತ್ತಿತು ಅನ್ನುವುದನ್ನು ನೀನು ಚೆನ್ನಾಗಿ ನೋಡಿ ಬರೆದಿದ್ದೀಯ. ಎಲೆ ಹಳದಿಯಾಗಲಿಲ್ಲ, ಹಸಿರಾಗಿದ್ದ ಹಾಗೇ ಜೋತುಬಿತ್ತು. ಮಧ್ಯಾಹ್ನ ಬಾಡಿದ್ದು ಸಂಜೆ ಎದ್ದಿತು, ಎರಡು ದಿನ ಹಾಗೇ ಆಡಿಸಿ ಆಮೇಲೆ ಏಳಲೇ ಇಲ್ಲ. ಇಷ್ಟು ಹೇಳಿದರೆ ಸಾಕು, ಇದು ಬಹುಮಟ್ಟಿಗೆ ದುಂಡಾಣು ಸೊರಗು ರೋಗ. ಶಿಲೀಂಧ್ರದ ಸೊರಗಾಗಿದ್ದರೆ ಕೆಳಗಿನ ಎಲೆ ಮೊದಲು ಹಳದಿಯಾಗಿ, ನಿಧಾನವಾಗಿ ಮೇಲಕ್ಕೆ ಹತ್ತುತ್ತಿತ್ತು. ಕಾಂಡ ಕೊರೆಯುವ ಹುಳವಾಗಿದ್ದರೆ ಕುಡಿ ಮಾತ್ರ ಬಾಗುತ್ತಿತ್ತು, ಅಲ್ಲೊಂದು ತೂತು, ತೂತಿನ ಬಾಯಲ್ಲಿ ಹಿಕ್ಕೆ ಕಾಣುತ್ತಿತ್ತು. ಆದರೂ ನನ್ನ ಮಾತನ್ನು ನಂಬಬೇಡ, ನೀನೇ ನೋಡು. ಈಗ ಬಾಡುತ್ತಿರುವ ಗಿಡದ ಕಾಂಡವನ್ನು ಬುಡದ ಹತ್ತಿರ ಗೇಣುದ್ದ ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿ. ಐದು ನಿಮಿಷದೊಳಗೆ ಕೊಯ್ದ ಬಾಯಿಂದ ಹಾಲಿನ ಎಳೆಯಂಥದ್ದು ಕೆಳಗೆ ಇಳಿದರೆ ಅದೇ ರೋಗ. ಗಿಡ ನೀರು ಎಳೆಯುವ ನಾಳದೊಳಗೆ ಆ ದುಂಡಾಣು ತುಂಬಿಕೊಂಡಿರುತ್ತದೆ. ಅದಕ್ಕೇ ಬುಡ ಒದ್ದೆಯಿದ್ದರೂ ಗಿಡ ಬಾಯಾರಿ ಸಾಯುವುದು. ನೀನು ಇನ್ನಷ್ಟು ನೀರು ಹೊಯ್ದೆ ಅಂತ ಬರೆದಿದ್ದೀಯ. ಎಲ್ಲರೂ ಮಾಡುವುದು ಅದನ್ನೇ, ಅದಕ್ಕೆ ಅಳಬೇಡ.

ಹಾಗಾದರೆ ಕೈಗೂ ಇದಕ್ಕೂ ಸಂಬಂಧವೇ ಇಲ್ಲವೇ? ಸುಳ್ಳು ಸಮಾಧಾನ ಹೇಳಲಾರೆ. ಕೈಗುಣ ಅಂತ ಒಂದಿಲ್ಲ, ಆದರೆ ಕೈಯಿಂದ ಹರಡಿರಲೂಬಹುದು. ಸಂತೆಯಿಂದ ತಂದ ಅಗೆಯ ಬೇರಿನ ಮಣ್ಣಿನಲ್ಲೇ ರೋಗ ಬಂದಿರಬಹುದು. ಹೋದ ವರ್ಷ ಅದೇ ಪಾತಿಯಲ್ಲಿ ಟೊಮೆಟೊ ಇತ್ತಲ್ಲ, ಅದರದ್ದೇ ಉಳಿಕೆ ಇರಬಹುದು. ಗಿಡ ಮೊಣಕಾಲೆತ್ತರ ಬೆಳೆದ ಮೇಲೆ ಬುಡಕ್ಕೆ ಮಣ್ಣು ಏರಿಸಿದೆ ಅಂದಿದ್ದೀಯ. ಆಗ ಗುದ್ದಲಿಗೆ ಬೇರು ಕಡಿಯುತ್ತದೆ, ಕಡಿದ ಬಾಯಿಂದಲೇ ಅದು ಒಳಹೊಗುವುದು. ನಾಟಿ ಮಾಡಿದ ಮೂರ್ನಾಲ್ಕು ವಾರದೊಳಗೆ, ಬೇರು ಹರಡುವ ಮೊದಲೇ ಮಣ್ಣು ಏರಿಸಿ ಮುಗಿಸಬೇಕು. ಒಂದು ಗಿಡಕ್ಕೆ ತಾಗಿದ ಗುದ್ದಲಿ ಇನ್ನೊಂದಕ್ಕೆ ತಾಗಿತು, ಅಷ್ಟೇ. ನಿನ್ನ ಜಾಗದಲ್ಲಿ ಯಾರ ಕೈಯಿದ್ದರೂ ಆಗುತ್ತಿತ್ತು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅದೇ ಮಾತನ್ನು ನಾನು ನಿನ್ನಮ್ಮನಿಗೆ ಹೇಳಿದ್ದೆ. ಅವಳ ಮೆಣಸಿನ ಗಿಡ ಸಾಲಾಗಿ ಬಾಡಿದಾಗ, ನಿನ್ನ ಕೈ ಆಗಿಬರಲ್ಲ ಕಣೇ, ಅಗೆ ನಾನೇ ನೆಡುತ್ತೇನೆ ಅಂದುಬಿಟ್ಟೆ. ನನ್ನ ಬದನೆ ಪಾತಿ ಮೇಲಿತ್ತು, ಅವಳದು ಕೆಳಗೆ. ಮಳೆನೀರು ನನ್ನದರಿಂದಲೇ ಅವಳದಕ್ಕೆ ಇಳಿಯುತ್ತಿತ್ತು. ನನ್ನಲ್ಲಿ ಸತ್ತ ಗಿಡ ಕಿತ್ತು ಗೊಬ್ಬರಗುಂಡಿಗೆ ಹಾಕಿದವಳೂ ನಾನೇ. ಇದೆಲ್ಲ ಹೊಂದಿಸಿ ನೋಡುವಷ್ಟು ಬುದ್ಧಿ ಬರುವಾಗ ಬಹಳ ತಡವಾಗಿತ್ತು. ಅವಳು ಆಮೇಲೆ ಮೆಣಸು ನೆಡಲೇ ಇಲ್ಲ, ಗಮನಿಸಿದ್ದೀಯಾ?

ಇರಲಿ. ಈಗ ಬಾಡಿದ ಗಿಡ ಯಾವ ಔಷಧಿಗೂ ಏಳುವುದಿಲ್ಲ, ದುಡ್ಡು ಹಾಕಬೇಡ. ಅಂಗಡಿಯವರು ಟ್ರೈಕೋಡರ್ಮಾ ಅನ್ನುವ ಜೈವಿಕ ಔಷಧಿ ಕೊಡುತ್ತಾರೆ. ಅದು ಶಿಲೀಂಧ್ರದ ರೋಗ ತಡೆಯಲು ಒಳ್ಳೆಯದು, ದುಂಡಾಣುವಿಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಗಿಡವನ್ನು ಎಳೆದು ಕೀಳದೆ, ಬೇರಿನ ಸುತ್ತ ಒಂದಡಿ ಮಣ್ಣಿನ ಸಮೇತ ಅಗೆದು ಬಕೆಟ್ಟಿಗೆ ಹಾಕಿ ಹೊರಗೆ ಒಯ್ಯಿ. ಒಣಗಿಸಿ ಸುಡು, ಗೊಬ್ಬರಗುಂಡಿಗೆ ಬೇಡವೇ ಬೇಡ. ಉಳಿದ 7 ಗಿಡಕ್ಕೆ ಕಾಲುವೆಯಲ್ಲಿ ನೀರು ಹರಿಸುವುದನ್ನು ನಿಲ್ಲಿಸಿ ಚೊಂಬಿನಲ್ಲಿ ಒಂದೊಂದಕ್ಕೇ ಹಾಕು. ಬೇರೆ ಪಾತಿಯ ಕೆಲಸ ಮುಗಿಸಿ ಕೊನೆಗೆ ಅಲ್ಲಿಗೆ ಹೋಗು. ಗುದ್ದಲಿ, ಕತ್ತಿಯ ಮಣ್ಣನ್ನು ಸೋಪಿನಲ್ಲಿ ತೊಳೆದು, ಒಂದು ಪಾಲು ಬಟ್ಟೆ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ಅದ್ದಿಡು. ಆಮೇಲೆ ತೊಳೆದು ಒರೆಸದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಚಪ್ಪಲಿಯ ಅಡಿಯನ್ನೂ ಮರೆಯಬೇಡ.

ಮಣ್ಣು ಸತ್ತಿತೇ ಅಂತ ಕೇಳಿದ್ದೀಯ. ಸತ್ತಿಲ್ಲ, ಆದರೆ ರೋಗ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಆ ಪಾತಿಗೆ ಮೂರು ವರ್ಷ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಬೇಡ. ಶುಂಠಿಯೂ ಬೇಡ. ಮುಸುಕಿನ ಜೋಳ, ಬೆಂಡೆ, ಹೀರೆ, ಅಲಸಂದೆ, ಹರಿವೆ ಏನು ಬೇಕಾದರೂ ಹಾಕು. ಗಣಿಕೆ ಸೊಪ್ಪಿನ ಗಿಡ ತಾನಾಗಿ ಹುಟ್ಟಿದರೆ ಮಾತ್ರ ಕಿತ್ತುಬಿಡು. ಅದೂ ಬದನೆಯ ಬಳಗವೇ, ರೋಗವನ್ನು ಸಾಕಿಡುತ್ತದೆ. ನಿಮ್ಮ ಹೊಸನಗರದ ಕಡೆಯ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ, ಹುಳಿಮಣ್ಣಿನಲ್ಲಿ ಈ ರೋಗದ ಕಾಟ ಹೆಚ್ಚು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ, ಅಂದರೆ ಮಣ್ಣಿನ ಹುಳಿ ಅಳೆಯುವ ಪಿ.ಎಚ್., 5.5ಕ್ಕಿಂತ ಕಡಿಮೆ ಬಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ ಬೆರೆಸು, ನಾಟಿಗೆ ಮೂರು ವಾರ ಮೊದಲು. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಒಂದೇ ದಿನ ಬೇಡ, ಗೊಬ್ಬರದ ಸಾರಜನಕ ಹಾರಿಹೋಗುತ್ತದೆ.

ಮುಂದಿನ ಸಲ ಬಾವಿಕಟ್ಟೆಯ ಆಚೆ, ಮೇಲಿನಿಂದ ನೀರು ಇಳಿಯದ ಜಾಗದಲ್ಲಿ, ಒಂದಡಿ ಎತ್ತರದ ಏರುಮಡಿ ಮಾಡು. ತಳಿಗಳಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಇವು ಈ ಸೊರಗನ್ನು ತಡೆಯುತ್ತವೆ. ನಮ್ಮ ಹಸಿರು ಗುಂಡು ಬದನೆಯೇ ಬೇಕು ಅಂದರೆ ಬದನೆಯ ಬಳಗದ್ದೇ ಆದ ಕಾಡು ಸುಂಡೆ ಗಿಡಕ್ಕೆ ಕಸಿ ಕಟ್ಟಬೇಕು. ಸುಂಡೆಯ ಬೇರಿಗೆ ಈ ರೋಗ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.

ಕಸಿಯೆಂದರೆ ಹೆದರಬೇಡ, ಹೂ ಕಟ್ಟುವ ಕೈಗೆ ಬರುವ ಕೆಲಸ ಅದು. ಸುಂಡೆ ಬೀಜ ಮೊಳೆಯುವುದಕ್ಕೇ ಎರಡು ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಬದನೆಗಿಂತ ಮೂರ್ನಾಲ್ಕು ವಾರ ಮುಂಚೆ ಬಿತ್ತು. ಎರಡರ ಕಾಂಡವೂ 3 ಮಿಲಿಮೀಟರ್ ದಪ್ಪ ಬಂದಾಗ ಸುಂಡೆಯನ್ನು ಮಣ್ಣಿನಿಂದ ಎರಡು ಮೂರು ಅಂಗುಲ ಮೇಲೆ ಅಡ್ಡ ಕೊಯ್ದು, ನಡುವೆ ಒಂದು ಸೆಂಟಿಮೀಟರ್ ಸೀಳು. ಬದನೆಯ ಕುಡಿಗೆ ಎರಡು ಎಲೆ ಮಾತ್ರ ಉಳಿಸಿ, ಬುಡವನ್ನು ಬೆಣೆಯ ಹಾಗೆ ಎರಡೂ ಕಡೆ ಕೆತ್ತಿ ಸೀಳಿನೊಳಗೆ ಕೂರಿಸು. ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಸಾಕು. ಹೊಸ ಬ್ಲೇಡೇ ಬೇಕು, ಮೊಂಡಾದರೆ ಜಜ್ಜುತ್ತದೆ. ಒಳಗೆ ನೀರು ಚಿಮುಕಿಸಿದ ಪ್ಲಾಸ್ಟಿಕ್ ಚೀಲ ಮುಚ್ಚಿ ಒಂದು ವಾರ ನೆರಳಲ್ಲಿಡು, ಆಮೇಲೆ ದಿನಕ್ಕಿಷ್ಟು ಅಂತ ತೆರೆ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಗಂಟು ಹೂತರೆ ಬದನೆಯೇ ಬೇರು ಬಿಟ್ಟು, ಮಾಡಿದ್ದೆಲ್ಲ ವ್ಯರ್ಥ. ಏರುಮಡಿಗೆ ಮಣ್ಣು ಏರಿಸುವಾಗಲೂ ಇದೇ ಎಚ್ಚರ. ಗಂಟಿನ ಕೆಳಗೆ ಸುಂಡೆ ಚಿಗುರಿದರೆ ಚಿವುಟಿ ಹಾಕು.

ಹತ್ತರಲ್ಲಿ ನಾಲ್ಕು ಕಸಿ ಮೊದಲ ಸಲ ಸತ್ತೇ ಸಾಯುತ್ತವೆ ಅಂದುಕೋ. ಆಗ ಮತ್ತೆ ಆ ಮಾತು ಎತ್ತಬೇಡ. ಚೀಲದೊಳಗೆ ತೇವ ಆರಿತ್ತೇ, ಸೀಳಿಗಿಂತ ಬೆಣೆ ಸಣ್ಣದಾಗಿತ್ತೇ, ಬಿಸಿಲು ಬಿತ್ತೇ ಅಂತ ಇಷ್ಟನ್ನು ನೋಡು.

ಇಷ್ಟೆಲ್ಲ ಬರೆದದ್ದು ಉಪದೇಶದ ಹಾಗೆ ಕೇಳಿಸಿದರೆ ಬಿಟ್ಟುಬಿಡು. ಅರ್ಧ ನಿನಗೆ ಗೊತ್ತಿದ್ದದ್ದೇ ಇರಬಹುದು. ಲೋಟದಲ್ಲಿ ಹಾಲಿನ ಎಳೆ ಇಳಿಯಿತೇ ಇಲ್ಲವೇ ಅನ್ನುವುದನ್ನು ಮಾತ್ರ ಬರೆ. ಇಳಿಯದಿದ್ದರೆ ನಾನು ಹೇಳಿದ ರೋಗವೇ ತಪ್ಪಿರಬಹುದು, ಬೇರು ಕೊಳೆತಿದೆಯೇ ಅಂತ ಬುಡ ಅಗೆದು ನೋಡಬೇಕಾಗುತ್ತದೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಸುಂಡೆ ಬೀಜ ಇಟ್ಟಿದ್ದೇನೆ. ಹಣ್ಣು ಹಿಸುಕಿ, ತೊಳೆದು, ನೆರಳಲ್ಲಿ ಒಣಗಿಸಿದ್ದು ನಿನ್ನಮ್ಮ, ಹೋದ ವಾರ ಇಲ್ಲಿಗೆ ಬಂದಿದ್ದಾಗ. ನಾನು ಪೊಟ್ಟಣ ಕಟ್ಟಿದ್ದಷ್ಟೇ.

ನಿನ್ನ
ದೊಡ್ಡಮ್ಮ