ಹಕ್ಕಿಗೆ ಖಾರಾಬೂಂದಿ ಬೇಡ, ನವಣೆ ಹಾಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಸಾಕು, ಮಹಡಿ ಮೇಲೆ ಹಕ್ಕಿಗೆ ನೀರಿಡಿ ಎಂದು ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಬರೆಯುತ್ತೀರಿ. ಒಳ್ಳೆಯ ಕೆಲಸ. ಅದನ್ನು ಓದಿ ನಮ್ಮ ಬೀದಿಯಲ್ಲೂ ಎಷ್ಟೋ ಮನೆಯವರು ಕಾಂಪೌಂಡಿನ ಮೇಲೆ ಬಟ್ಟಲು ಇಟ್ಟಿದ್ದಾರೆ. ಆದರೆ ನೀರಿನ ಪಕ್ಕದಲ್ಲಿ ಜನ ಇಡುವ ತಿಂಡಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ಬೆಳಿಗ್ಗೆ ವಾಕಿಂಗ್ ಹೋಗುವಾಗ ಸುಮ್ನೆ ಒಂದು ಸಲ ಕಾಂಪೌಂಡುಗಳ ಮೇಲೆ ಕಣ್ಣಾಡಿಸಿ. ರಾತ್ರಿ ಮಿಕ್ಕಿದ ಚಿತ್ರಾನ್ನ, ಮೆತ್ತಗಾದ ಖಾರಾಬೂಂದಿ, ಬ್ರೆಡ್ಡಿನ ಅಂಚು, ಹಾಲಲ್ಲಿ ನೆನೆಸಿದ ಬಿಸ್ಕತ್ತು. ಇಟ್ಟವರ ಮನಸ್ಸು ಒಳ್ಳೆಯದೇ. ಆದರೆ ಒಂದು ಗುಬ್ಬಚ್ಚಿ ಮೂವತ್ತು ಗ್ರಾಂ ತೂಗಿದರೇ ಹೆಚ್ಚು. ಅಷ್ಟು ಪುಟ್ಟ ಜೀವಕ್ಕೆ ನಮ್ಮ ನಾಲಿಗೆಗೆ ಗೊತ್ತೇ ಆಗದಷ್ಟು ಉಪ್ಪೂ ಜಾಸ್ತಿಯಾಗುತ್ತದೆ, ಅದನ್ನು ಹೊರಗೆ ಹಾಕುವ ಶಕ್ತಿ ಅದರ ಮೂತ್ರಪಿಂಡಕ್ಕೆ ಇಲ್ಲ. ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಬ್ರೆಡ್ಡು ವಿಷವೇನಲ್ಲ, ಹೊಟ್ಟೆ ತುಂಬಿದ ಹಾಗೆ ಮಾಡುತ್ತದೆ ಅಷ್ಟೇ, ಮೈಗೆ ಹತ್ತುವುದಿಲ್ಲ. ಆದರೆ ಚಾಕೊಲೇಟ್, ಹಾಗೇ ಜ್ಯೂಸ್ ಅಂಗಡಿಗಳಲ್ಲಿ ಎಲ್ಲರೂ ಇಷ್ಟಪಡುವ ಬಟರ್ ಫ್ರೂಟ್ (ಅವಕಾಡೊ), ಇವೆರಡು ಮಾತ್ರ ಹಕ್ಕಿಗೆ ನಿಜವಾಗಿಯೂ ವಿಷ. ಅವನ್ನು ಹತ್ತಿರವೂ ಇಡಬೇಡಿ.

ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವುದನ್ನು ನಾನು ಬೇಡ ಎನ್ನುತ್ತಿಲ್ಲ. ಕಾಗೆ ಗಟ್ಟಿ ಹಕ್ಕಿ, ಸಿಕ್ಕಿದ್ದನ್ನು ತಿಂದು ಅರಗಿಸಿಕೊಳ್ಳುತ್ತದೆ. ಅದೂ ಅಲ್ಲದೆ ಅದು ವರ್ಷಕ್ಕೊಮ್ಮೆಯ ಮಾತು. ದಿನಾ ಬೆಳಿಗ್ಗೆ ಗುಬ್ಬಚ್ಚಿಗೋ ಪಿಕಳಾರಕ್ಕೋ (ಬುಲ್‌ಬುಲ್) ಇಡುವ ತಿಂಡಿಯ ವಿಷಯ ಬೇರೆ.

ಇನ್ನೊಂದು ಹೊಸ ಗೀಳು ಶುರುವಾಗಿದೆ. ಮೊಬೈಲಿನಲ್ಲಿ ಹೊರದೇಶದವರ ವಿಡಿಯೋ ನೋಡಿ, ಕೊಬ್ಬು ಕರಗಿಸಿ ಅದಕ್ಕೆ ಕಾಳು ಕಲಸಿ ಉಂಡೆ ಕಟ್ಟಿ ಮರಕ್ಕೆ ನೇತು ಹಾಕುವುದು. ಕೊಬ್ಬು ಸಿಗದಿದ್ದರೆ ವನಸ್ಪತಿ, ಅದೂ ಇಲ್ಲದಿದ್ದರೆ ಪೀನಟ್ ಬಟರ್. ಆ ಉಂಡೆ ಹುಟ್ಟಿದ್ದು ಹಿಮ ಬೀಳುವ ಊರುಗಳಲ್ಲಿ. ಅಲ್ಲಿ ಚಳಿಗಾಲದ ಒಂದು ರಾತ್ರಿ ಕಳೆಯುವುದಕ್ಕೇ ಹಕ್ಕಿಗೆ ಸಿಕ್ಕಾಪಟ್ಟೆ ಶಕ್ತಿ ಬೇಕು, ಕೊಬ್ಬು ಅದನ್ನು ಕೊಡುತ್ತದೆ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸೆಕೆ ನೋಡಿದರೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿವರೆಗೆ ಹೋಗಿತ್ತು. ಈ ಬಿಸಿಲಿಗೆ ಕೊಬ್ಬಿನ ಉಂಡೆ ಮಧ್ಯಾಹ್ನದೊಳಗೆ ಕರಗುತ್ತದೆ, ಮುಗ್ಗು ವಾಸನೆ ಬರುತ್ತದೆ, ಜಿಡ್ಡು ಹಕ್ಕಿಯ ಎದೆಯ ಪುಕ್ಕಕ್ಕೆ ಅಂಟಿಕೊಳ್ಳುತ್ತದೆ. ಪುಕ್ಕ ಜಿಡ್ಡಾದರೆ ಮಳೆಯಲ್ಲಿ ನೀರು ಒಳಗೆ ಇಳಿಯುತ್ತದೆ. ಅವರ ಊರಿಗೆ ಅದು ಸರಿ, ನಮ್ಮ ಊರಿಗೆ ಬೇಡ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ದೂರ ಹೋಗಬೇಕಿಲ್ಲ, ದಿನಸಿ ಅಂಗಡಿಯಲ್ಲೇ ಎಲ್ಲ ಇದೆ. ಎರಡು ಪಾಲು ನವಣೆ, ಒಂದು ಪಾಲು ಸಜ್ಜೆ, ಒಂದು ಪಾಲು ಅಕ್ಕಿ ನುಚ್ಚು. ಒಂದು ಮೊರದಲ್ಲಿ ಕಲಸಿ ಅರ್ಧ ದಿನ ಬಿಸಿಲಿಗೆ ಹಾಕಿ, ಡಬ್ಬಿಗೆ ತುಂಬಿಡಿ. ಅಷ್ಟೇ. ನವಣೆ ಸಿಪ್ಪೆ ಸಮೇತ ಸಿಕ್ಕಿದರೆ ಇನ್ನೂ ಒಳ್ಳೆಯದು, ಬೇಗ ಕೆಡುವುದಿಲ್ಲ. ಸಿಪ್ಪೆ ತೆಗೆಯುವ ಕೆಲಸ ಗುಬ್ಬಚ್ಚಿಗೆ ಚೆನ್ನಾಗಿ ಬರುತ್ತದೆ. ಒಂದು ಸಲ ಹತ್ತಿರದಿಂದ ನೋಡಿ, ಕಾಳನ್ನು ಕೊಕ್ಕಿನ ಅಂಚಿನಲ್ಲಿ ಹಿಡಿದು, ನಾಲಿಗೆಯಿಂದ ಉರುಳಿಸಿ ಉರುಳಿಸಿ ಒಡೆಯುತ್ತದೆ. ಸಿಪ್ಪೆ ಕೊಕ್ಕಿನ ಪಕ್ಕದಿಂದ ಜಾರಿ ಬೀಳುತ್ತದೆ, ಕಾಳು ಒಳಗೆ ಹೋಗುತ್ತದೆ. ಎಲ್ಲ ಒಂದೆರಡು ಕ್ಷಣದಲ್ಲಿ. ಇದರಲ್ಲಿ ಒಂದು ವಿಷಯ ಗಮನಿಸಬೇಕು. ತಟ್ಟೆ ದೂರದಿಂದ ತುಂಬಿದ ಹಾಗೇ ಕಾಣುತ್ತದೆ, ಊದಿ ನೋಡಿದರೆ ಬರೀ ಹೊಟ್ಟು. ಹಾಕಿದ್ದು ಹಾಗೇ ಇದೆ, ಹಕ್ಕಿ ತಿನ್ನುತ್ತಿಲ್ಲ ಎಂದುಕೊಂಡು ಜನ ಬಿಟ್ಟುಬಿಡುತ್ತಾರೆ. ದಿನಾ ಹೊಟ್ಟು ಊದಿ ತೆಗೆಯಿರಿ.

ಈಗ ಬಹಳ ಮುಖ್ಯವಾದ ಮಾತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಿಗೆ ಹುಳ ಬೀಳದಿರಲಿ ಎಂದು ಬೋರಿಕ್ ಪುಡಿ ಬೆರೆಸಿಡುತ್ತಾರೆ. ನಾವಾದರೆ ನಾಲ್ಕು ನೀರಲ್ಲಿ ತೊಳೆದು ಅನ್ನ ಮಾಡುತ್ತೇವೆ. ಹಕ್ಕಿ ತೊಳೆದು ತಿನ್ನುವುದಿಲ್ಲವಲ್ಲ! ಆ ಅಕ್ಕಿಯನ್ನು ಹಿಡಿಯಷ್ಟು ತೆಗೆದು ಮಹಡಿ ಮೇಲೆ ಎರಚಬೇಡಿ. ಅದರ ಬದಲು ಹುಳ ಬಿದ್ದ ಅಕ್ಕಿಯೇ ವಾಸಿ, ಕಾಳಿನ ಜೊತೆ ಹುಳವನ್ನೂ ಹಕ್ಕಿ ಖುಷಿಯಾಗಿ ತಿನ್ನುತ್ತದೆ. ಬೂಷ್ಟು ಹಿಡಿದಿದ್ದು ಮಾತ್ರ ಕೂಡದು. ಕಡಲೆಕಾಯಿಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಕಾರ್ತಿಕ ಸೋಮವಾರದ ಪರಿಷೆಯಿಂದ ಬಸವನಗುಡಿ ಸುತ್ತಮುತ್ತಲಿನವರೆಲ್ಲ ಸೇರುಗಟ್ಟಲೆ ಹಸಿ ಕಡಲೆಕಾಯಿ ತರುತ್ತೇವೆ, ಅರ್ಧ ತಿಂದು ಮಿಕ್ಕಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲೇ ಮೂಲೆಗೆ ಬಿಟ್ಟಿರುತ್ತೇವೆ. ಅದರ ಮೇಲೆ ಹಸಿರು ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರುವ ಸಾಧ್ಯತೆ ಇದೆ, ಅದು ಹಕ್ಕಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ. ನಮಗೆ ಬೇಡವಾದದ್ದು ಹಕ್ಕಿಗಾದರೂ ಆಗಲಿ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಚೆನ್ನಾಗಿ ಒಣಗಿದ, ಉಪ್ಪು ಹಾಕದ ಬೀಜವನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಹಾಕಿ. ಇಡೀ ಬೀಜ ಮರಿಗಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪಿಕಳಾರ, ಮೈನಾ, ಕೋಗಿಲೆ ಇವಕ್ಕೆ ಒಣ ಕಾಳು ಅಷ್ಟಾಗಿ ಸೇರುವುದಿಲ್ಲ. ಪಿಕಳಾರಕ್ಕೆ ಮಾಗಿದ ಬಾಳೆಹಣ್ಣನ್ನು ಅರ್ಧ ಸಿಪ್ಪೆ ಸುಲಿದು ಕೊಂಬೆಗೆ ಚುಚ್ಚಿ ಇಡಿ. ಪಪ್ಪಾಯಿ, ಸೀಬೆ ಯಾವುದಾದರೂ ಆದೀತು. ಮೈನಾಗೆ ಬೇಯಿಸಿದ ಮೊಟ್ಟೆಯನ್ನು ಕಿವುಚಿ, ಹುರಿಗಡಲೆ ಪುಡಿ ಸೇರಿಸಿ ಉದುರುದುರಾಗಿ ಕಲಸಿ ಕೊಡಬಹುದು. ಮೊಟ್ಟೆ ತಿನ್ನದ ಮನೆಯವರು ಉಪ್ಪಿಲ್ಲದ ಬಿಸಿ ಅನ್ನವನ್ನು ಆರಿಸಿ ಒಂದೆರಡು ತುತ್ತು ಹಾಕಿ. ಆದರೆ ಬೇಯಿಸಿದ್ದು ಏನೇ ಇರಲಿ, ಹತ್ತು ಗಂಟೆ ಬಿಸಿಲು ಏರುವ ಮೊದಲು ತೆಗೆದುಬಿಡಿ, ಹುಳಿ ಬಂದರೆ ಕಷ್ಟ.

ಪಾರಿವಾಳದ ವಿಷಯಕ್ಕೆ ಬರೋಣ, ಅಪಾರ್ಟ್‌ಮೆಂಟುಗಳಲ್ಲಿ ಜಗಳ ಆಗುವುದೇ ಇಲ್ಲಿ. "ಏನ್ರೀ, ನೀವು ಹಕ್ಕಿಗೆ ಹಾಕ್ತೀರಿ, ಗಲೀಜಾಗೋದು ನಮ್ಮ ಬಾಲ್ಕನಿ" ಎನ್ನುವ ಮಾತು ಕೇಳದ ಬ್ಲಾಕ್ ಇಲ್ಲ. ಆ ಮಾತಿನಲ್ಲಿ ನ್ಯಾಯವಿದೆ. ಪಾರಿವಾಳಕ್ಕೆ ಈ ಊರಿನಲ್ಲಿ ಊಟಕ್ಕೂ ಕೊರತೆಯಿಲ್ಲ, ಗೂಡು ಕಟ್ಟಲು ಎಸಿ ಪೆಟ್ಟಿಗೆಗಳಿಗೂ ಕೊರತೆಯಿಲ್ಲ. ಮೂಟೆಗಟ್ಟಲೆ ಜೋಳ ಸುರಿದರೆ ಅವುಗಳ ಸಂಖ್ಯೆ ಏರುತ್ತದೆ, ಚಿಕ್ಕ ಹಕ್ಕಿಗೆ ಜಾಗ ಸಿಗುವುದಿಲ್ಲ. ಒಣಗಿದ ಹಿಕ್ಕೆಯ ಧೂಳು ದಿನಾ ಉಸಿರಲ್ಲಿ ಸೇರಿದರೆ ಕೆಲವರಿಗೆ ಶ್ವಾಸಕೋಶವೇ ಊದಿಕೊಂಡು ಗಟ್ಟಿಯಾಗುವ ಕಾಯಿಲೆ ಬರುತ್ತದೆ, ಇದು ವೈದ್ಯರೆಲ್ಲ ಒಪ್ಪುವ ಮಾತು. ಮುಂಬೈಯಲ್ಲಿ 2025ರಲ್ಲಿ ಪಾಲಿಕೆ ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳನ್ನು, ಮುಚ್ಚಿಸಿದಾಗ ದೊಡ್ಡ ಗಲಾಟೆಯಾಗಿ ವಿಷಯ ಹೈಕೋರ್ಟ್ ಮುಂದೆ ಹೋಗಿದ್ದು ನೀವೇ ವರದಿ ಮಾಡಿರುತ್ತೀರಿ.

ಇದಕ್ಕೆ ನಮ್ಮ ಹಳ್ಳಿಗಳಲ್ಲೇ ಉಪಾಯವಿತ್ತು. ಸುಗ್ಗಿಯಲ್ಲಿ ಭತ್ತದ ತೆನೆಗಳನ್ನು ಗೊಂಚಲು ಕಟ್ಟಿ ಪಡಸಾಲೆಯ ತೊಲೆಗೆ ನೇತು ಹಾಕುತ್ತಿದ್ದರು. ಗುಬ್ಬಚ್ಚಿ ಹಗುರ, ತೆನೆಯನ್ನೇ ಹಿಡಿದು ಜೋತು ಬಿದ್ದು ತಿನ್ನುತ್ತದೆ. ಪಾರಿವಾಳಕ್ಕೆ ಹಾಗೆ ಜೋತು ಬೀಳಲು ಬರುವುದಿಲ್ಲ, ಅದಕ್ಕೆ ಕಾಲೂರಲು ಸಮತಟ್ಟು ಜಾಗ ಬೇಕು. ಮಂಡ್ಯದ ಕಡೆಯಿಂದ ಬರುವ ನೆಂಟರಿಗೆ ಹೇಳಿದರೆ ಒಂದು ಕಂತೆ ತೆನೆ ತಂದುಕೊಡುತ್ತಾರೆ. ಅದೂ ಆಗದಿದ್ದರೆ ಒಂದು ಕುಂಡದಲ್ಲಿ ನವಣೆ ಚೆಲ್ಲಿ. ಸುಮಾರು ಮೂರು ತಿಂಗಳಿಗೆ ತೆನೆ ಬಾಗುತ್ತದೆ, ಕೊಯ್ಯುವ ಕೆಲಸವೂ ಇಲ್ಲ, ರಾಟವಾಳಗಳು (ಮುನಿಯಾ ಎಂಬ ಪುಟ್ಟ ಹಕ್ಕಿಗಳು) ಬಂದು ಗಿಡದ ಮೇಲೇ ಕೂತು ಮುಗಿಸಿ ಹೋಗುತ್ತವೆ. ಬಾಲ್ಕನಿ ಇರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಎಷ್ಟು ಹಾಕಬೇಕು ಎಂದು ಕೇಳುತ್ತಾರೆ. ಒಂದು ಮುಷ್ಟಿ ಸಾಕು. ಒಂದೆರಡು ಗಂಟೆಯಲ್ಲಿ ಖಾಲಿಯಾಗುವಷ್ಟೇ ಹಾಕಿ, ಮಿಕ್ಕಿದರೆ ರಾತ್ರಿ ಹೆಗ್ಗಣಕ್ಕೆ ಊಟ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯುವುದಂತೂ ಬೇಡವೇ ಬೇಡ. ಬ್ರಿಟನ್‌ನಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿಗೆ 2005ರ ಹೊತ್ತಿನಲ್ಲಿ ಟ್ರೈಕೊಮೊನೊಸಿಸ್ ಎಂಬ ರೋಗ ತಗುಲಿತು. ಗಂಟಲು ಊದಿಕೊಂಡು ನುಂಗಲಾಗದೆ ಹಕ್ಕಿ ಸಾಯುತ್ತದೆ. ಮನೆ ಹಿತ್ತಲುಗಳಲ್ಲಿ ಒಂದೇ ತಟ್ಟೆಗೆ ಹತ್ತಾರು ಹಕ್ಕಿಗಳು ಬಾಯಿ ಹಾಕಿ, ಒಂದರ ಎಂಜಲು ಇನ್ನೊಂದಕ್ಕೆ ಸೇರಿ ಹರಡಿತು. ಅಲ್ಲಿನ ಆ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಈ ರೋಗಾಣು ಮೂಲದಲ್ಲಿ ಪಾರಿವಾಳಗಳದ್ದು. ಪ್ರೀತಿಯಿಂದ ಇಟ್ಟ ಊಟವೇ ಹೀಗೆ ಮಾಡಿತಲ್ಲ ಎಂದು ಓದಿದಾಗ ನನಗೆ ಬಹಳ ಸಂಕಟವಾಯಿತು. ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಲ್ಲಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ ಇಡಿ. ಗುಬ್ಬಚ್ಚಿ ಮೈ ಉಬ್ಬಿಸಿಕೊಂಡು ಮಂಕಾಗಿ ಕೂತಿದ್ದು ಕಂಡರೆ ಕೆಲವು ದಿನ ಕಾಳು ಹಾಕುವುದನ್ನೇ ನಿಲ್ಲಿಸಿ.

ನೀರಿನ ಬಗ್ಗೆ ನೀವು ಬರೆಯುತ್ತೀರಿ, ಆದರೂ ಒಂದು ಮಾತು ಸೇರಿಸುತ್ತೇನೆ. 2024ರಲ್ಲಿ ಡೆಂಗಿ ಜೋರಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದಿತು. ಆಗಿನಿಂದ ಹಕ್ಕಿಯ ಬಟ್ಟಲು ಕಂಡರೆ ಅಕ್ಕಪಕ್ಕದವರಿಗೆ ಭಯ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ವಾರದಿಂದ ಹತ್ತು ದಿನ ಬೇಕು, ಹಾಗಾಗಿ ದಿನಾ ನೀರು ಬದಲಿಸಿದರೆ ಭಯವಿಲ್ಲ. ಆದರೆ ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಬಟ್ಟಲಿನ ಒಳಗೋಡೆಗೆ ಅಂಟಿರುತ್ತದೆ, ತೆಂಗಿನ ನಾರಿನಿಂದ ತಿಕ್ಕಬೇಕು. ಬಟ್ಟಲು ಆಳ ಇರಬಾರದು, ನಡುವೆ ಒಂದು ಕಲ್ಲಿಡಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಹಿತ್ತಲಿಗೆ ಬರುವ ಎಷ್ಟೋ ಹಕ್ಕಿಗಳಿಗೆ ನಾವು ತಟ್ಟೆಯಲ್ಲಿ ಕೊಡುವಂಥದ್ದು ಏನೂ ಇಲ್ಲ. ಟುವ್ವಿ ಹಕ್ಕಿಗೆ ಹುಳ ಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗೆ ಮೊದಲು ಉಣಿಸುವುದು ಹುಳುಗಳನ್ನೇ. ಗುಲಾಬಿ ಗಿಡಕ್ಕೆ ಔಷಧಿ ಹೊಡೆದು, ಪಕ್ಕದಲ್ಲಿ ನವಣೆ ಇಟ್ಟರೆ ಏನು ಬಂತು ಹೇಳಿ? ಹೂವಿನ ಮಕರಂದ ಹೀರುವ ಸೂರಕ್ಕಿಗೆ ಸಕ್ಕರೆ ನೀರು ಇಡುವವರೂ ಇದ್ದಾರೆ. ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುತ್ತದೆ, ಒಂದು ದಾಸವಾಳದ ಗಿಡ ನೆಟ್ಟರೆ ವರ್ಷವಿಡೀ ಅದಕ್ಕೆ ಬೇಕಾದ್ದು ಸಿಗುತ್ತದೆ. ಜಾಗ ಇದ್ದವರು ಅತ್ತಿ, ನೇರಳೆ ನೆಡಿ. ರಸ್ತೆ ಬದಿಯ ಗಸಗಸೆ ಹಣ್ಣಿನ ಮರಗಳನ್ನು ಕಾರಿನ ಮೇಲೆ ಹಣ್ಣು ಉದುರುತ್ತದೆ ಎಂದು ಕಡಿಸುತ್ತಿದ್ದಾರೆ. ನಿಂತು ನೋಡಿದರೆ ಆ ಒಂದು ಮರದಲ್ಲೇ ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ ಎಲ್ಲವೂ ಸಿಗುತ್ತವೆ. ಪಾಲಿಕೆಯವರು ಪಾರ್ಕುಗಳಲ್ಲಿ ಬರೀ ಅಲಂಕಾರದ ತಾಳೆ ಗಿಡ ಸಾಲಾಗಿ ನೆಡುವ ಬದಲು ಇಂಥ ಹಣ್ಣಿನ ಮರಗಳಿಗೆ ಜಾಗ ಕೊಡಲಿ.

ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ಬೇಸಿಗೆಯಲ್ಲೂ ನೀರಿನ ಬಟ್ಟಲಿನ ಫೋಟೊ ಹಾಕುತ್ತೀರಲ್ಲ, ಅದರ ಕೆಳಗೆ ಹಕ್ಕಿಗೆ ಏನು ಹಾಕಬೇಕು, ಏನು ಹಾಕಬಾರದು ಎಂದು ನಾಲ್ಕು ಸಾಲು ಸೇರಿಸಿ. ಮಕ್ಕಳ ಪುರವಣಿಯಲ್ಲಿ ಬಂದರೆ ಇನ್ನೂ ಚೆನ್ನ, ಅವರು ಮನೆಯಲ್ಲಿ ಹಟ ಹಿಡಿದು ಮಾಡಿಸುತ್ತಾರೆ. ಜಾಗ ಕಡಿಮೆಯಿದ್ದರೆ ಉಪ್ಪು ಮತ್ತು ಬೋರಿಕ್ ಪುಡಿ, ಈ ಎರಡರ ವಿಷಯವನ್ನಾದರೂ ಹಾಕಿ.

ಇಂತಿ,
ನಿಮ್ಮ ಓದುಗಿ,
ಹನುಮಂತನಗರ, ಬೆಂಗಳೂರು